ಓಡಿಹೋಗದ ವೈದ್ಯ: ಗೀ ದ ಶೋಲಿಯಾಕ್

ಯೂರೋಪಿನ ಪ್ಲೇಗು ವೈದ್ಯರೆಂದೊಡನೆ ಅನೇಕರ ಕಣ್ಣೆದುರಿಗೆ ಒಂದು ವಿಚಿತ್ರ ಚಿತ್ರ ಬಂದು ನಿಲ್ಲುತ್ತದೆ. ಪಾದದವರೆಗೆ ಇಳಿದ ಕಪ್ಪು ನಿಲುವಂಗಿ, ಕೈಯಲ್ಲಿ ಕೋಲು, ಮುಖಕ್ಕೆ ಹಕ್ಕಿಯ ಉದ್ದನೆಯ ಕೊಕ್ಕಿನಂತಹ ಮುಖವಾಡ, ಆ ಕೊಕ್ಕಿನೊಳಗೆ ಸುಗಂಧ ದ್ರವ್ಯಗಳು. ನಮ್ಮ ಧರ್ಮಕೇಂದ್ರದ ಮಕ್ಕಳೂ ಈ ಚಿತ್ರವನ್ನು ಪುಸ್ತಕಗಳಲ್ಲಿ ಕಂಡು, ಇದು ಯಾವ ಭೂತವೆಂದು ನಮ್ಮನ್ನು ಕೇಳಿದ್ದುಂಟು. ಅದು ಭೂತವಲ್ಲ, ವೈದ್ಯನ ಉಡುಪು. ಆದರೆ ಅದು ಹದಿನೇಳನೆಯ ಶತಮಾನಕ್ಕೆ ಸೇರಿದ್ದು. ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿಯ ವೈದ್ಯನಾಗಿದ್ದ ಶಾರ್ಲ್ ದ ಲೋರ್ಮ್ ಅದನ್ನು ರೂಪಿಸಿದನೆಂದು ಹೇಳುತ್ತಾರೆ. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲು, 1348ರಲ್ಲಿ, ಮಹಾಮಾರಿ ಯೂರೋಪನ್ನು ಬಡಿದಾಗ ವೈದ್ಯರಿಗೆ ಅಂತಹ ಮುಖವಾಡವಾಗಲಿ, ರಕ್ಷಣೆಯಾಗಲಿ ಇರಲಿಲ್ಲ. ಬರಿಯ ಮುಖದಲ್ಲಿ ರೋಗಿಯ ಬಳಿಗೆ ಹೋಗಬೇಕಾಗಿತ್ತು, ಇಲ್ಲವೇ ಊರು ಬಿಟ್ಟು ಓಡಬೇಕಾಗಿತ್ತು.

ಓಡದೆ ನಿಂತ ವೈದ್ಯರಲ್ಲಿ ಒಬ್ಬರ ಚರಿತ್ರೆಯನ್ನು ನಮ್ಮ ದೇವಾಲಯದ ಈ ಶತಮಾನೋತ್ಸವದ ಸಂಚಿಕೆಯಲ್ಲಿ ಹೇಳಬಯಸುತ್ತೇವೆ. ಅವರು ಗೀ ದ ಶೋಲಿಯಾಕ್. ಅವರು ಸಂತರಲ್ಲ, ಧರ್ಮಸಭೆ ಅವರನ್ನು ಪೀಠದ ಮೇಲೆ ನಿಲ್ಲಿಸಿಲ್ಲ. ವೈದ್ಯಶಾಸ್ತ್ರದ ಚರಿತ್ರೆಯನ್ನು ಓದಿದವರಿಗೆಲ್ಲ ಅವರ ಹೆಸರು ಪರಿಚಿತ. ಆದರೆ ಅವರು ಧರ್ಮಸಭೆಯ ಸೇವೆಯಲ್ಲಿ ಕ್ಯಾನನ್ ಪದವಿಯಲ್ಲಿದ್ದವರೆಂಬುದೂ, ಮೂವರು ಜಗದ್ಗುರುಗಳ ವೈದ್ಯರಾಗಿದ್ದರೆಂಬುದೂ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿರಲಾರದು.

ದಕ್ಷಿಣ ಫ್ರಾನ್ಸಿನ ಬೆಟ್ಟಸೀಮೆಯಾದ ಜೆವೊದಾನ್ ಪ್ರಾಂತದಲ್ಲಿ ಶೋಲಿಯಾಕ್ ಎಂಬ ಹಳ್ಳಿ ಇದೆ. ಸುಮಾರು 1300ರಲ್ಲಿ ಅಲ್ಲಿನ ಒಂದು ರೈತ ಕುಟುಂಬದಲ್ಲಿ ಗೀ ಜನಿಸಿದರು. ಆ ಸೀಮೆಯ ಪ್ರಭುಗಳ ಆಶ್ರಯದಿಂದ ಅವರಿಗೆ ವಿದ್ಯಾಭ್ಯಾಸ ದೊರೆಯಿತೆಂಬ ಪ್ರತೀತಿ ಇದೆ. ಕೃಷಿಕನ ಮಗನಿಗೆ ಅಂದು ವಿದ್ಯೆಯ ಬಾಗಿಲು ತೆರೆಯುತ್ತಿದ್ದುದು ಬಹುಮಟ್ಟಿಗೆ ಧರ್ಮಸಭೆಯ ಮೂಲಕವೇ. ಗೀ ತುಲೂಸ್ ಮತ್ತು ಮೊಂಪೆಲಿಯೆ ನಗರಗಳಲ್ಲಿ ಓದಿದರು. ಮೊಂಪೆಲಿಯೆಯ ವೈದ್ಯಶಾಲೆ ಆ ಕಾಲಕ್ಕೆ ಯೂರೋಪಿನಲ್ಲೇ ಹೆಸರಾದದ್ದು. ಅಲ್ಲಿಂದ ಅವರು ಇಟಲಿಯ ಬೊಲೋನ್ಯಾಕ್ಕೆ ಹೋಗಿ, ಬೆರ್ತುಚ್ಚೊ ಎಂಬ ಗುರುವಿನಲ್ಲಿ ಶರೀರಶಾಸ್ತ್ರವನ್ನು ಕಲಿತರು. ಆ ಗುರು ಶವವನ್ನು ಮೇಜಿನ ಮೇಲೆ ಮಲಗಿಸಿ ನಾಲ್ಕು ಪಾಠಗಳಲ್ಲಿ ಇಡೀ ದೇಹವನ್ನು ತೋರಿಸಿಕೊಡುತ್ತಿದ್ದ ಕ್ರಮವನ್ನು ಗೀ ಮುಂದೆ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹೊಟ್ಟೆಯ ಭಾಗಗಳು ಬೇಗ ಕೊಳೆಯುವುದರಿಂದ ಅವುಗಳಿಗೆ ಮೊದಲ ಪಾಠ, ಆಮೇಲೆ ಎದೆ, ತಲೆ, ಕೊನೆಗೆ ಕೈಕಾಲುಗಳು. ದೇಹವನ್ನರಿಯದೆ ಕತ್ತಿ ಹಿಡಿಯುವವನು ಕುರುಡನಂತೆಯೇ ಎಂಬುದು ಗೀ ಅವರ ದೃಢವಾದ ಅಭಿಪ್ರಾಯವಾಗಿತ್ತು. ಶಸ್ತ್ರಚಿಕಿತ್ಸೆಯೆಂದರೆ ಕ್ಷೌರಿಕರ ಕೆಲಸ, ಪಂಡಿತನಾದ ವೈದ್ಯ ಅದನ್ನು ಮುಟ್ಟಬಾರದು ಎಂದು ಅನೇಕರು ಭಾವಿಸಿದ್ದ ಕಾಲ ಅದು. ಅಂತಹ ಕಾಲದಲ್ಲಿ ಓದಿದ ತಲೆಯೂ ಪಳಗಿದ ಕೈಯೂ ಒಂದೇ ಮನುಷ್ಯನಲ್ಲಿ ಕೂಡಿರಬೇಕೆಂದು ಅವರು ಬಗೆದರು.

ಕಲಿಕೆ ಮುಗಿದ ತರುವಾಯ ಲಿಯೋನ್ ನಗರದಲ್ಲಿ ಅವರು ಬಹುಕಾಲ ವೈದ್ಯವೃತ್ತಿ ನಡೆಸಿದರು. ಅಲ್ಲಿನ ಸಂತ ಜಸ್ಟಸರ ದೇವಾಲಯದಲ್ಲಿ ಅವರಿಗೆ ಕ್ಯಾನನ್ ಸ್ಥಾನ ದೊರೆಯಿತು. ಅಲ್ಲಿಂದ ಅವರನ್ನು ಕರೆಸಿಕೊಂಡದ್ದು ಆವಿನ್ಯೋನ್.

ಆವಿನ್ಯೋನಿನ ಸಂಗತಿಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕಾಗುತ್ತದೆ. 1309ರಿಂದ 1377ರವರೆಗೆ ಜಗದ್ಗುರುಗಳು ರೋಮಿನಲ್ಲಿರದೆ, ರೋನ್ ನದಿಯ ದಂಡೆಯ ಮೇಲಿನ ಈ ನಗರದಲ್ಲಿ ವಾಸವಾಗಿದ್ದರು. ಅವರೊಡನೆ ಕಾರ್ಡಿನಲರು, ಗುಮಾಸ್ತರು, ವರ್ತಕರು, ಯಾತ್ರಿಕರು ಎಲ್ಲರೂ ಅಲ್ಲಿಗೆ ಬಂದು ನೆರೆದುದರಿಂದ ಇಕ್ಕಟ್ಟಾದ ಆ ಊರು ಜನರಿಂದ ಕಿಕ್ಕಿರಿದಿತ್ತು. 1342ರಲ್ಲಿ ಆರನೆಯ ಕ್ಲೆಮೆಂಟರು ಜಗದ್ಗುರುಗಳಾದರು. ಗೀ ಅವರ ವೈದ್ಯರಲ್ಲಿ ಒಬ್ಬರಾಗಿ ಅರಮನೆಯನ್ನು ಸೇರಿದರು.

1347ರ ಅಕ್ಟೋಬರಿನಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಜಿನೋವಾದ ಹಡಗುಗಳು ಸಿಸಿಲಿಯ ಮೆಸ್ಸೀನಾ ಬಂದರನ್ನು ಮುಟ್ಟಿದವು. ಸರಕಿನೊಡನೆ ಸಾವೂ ಇಳಿಯಿತು. ಕೆಲವೇ ವಾರಗಳಲ್ಲಿ ರೋಗವು ಮಾರ್ಸೇಲ್ ಬಂದರಿಗೆ ತಲುಪಿ, ಅಲ್ಲಿಂದ ರೋನ್ ನದಿಯ ಮಾರ್ಗವಾಗಿ ಮೇಲೇರಿ, 1348ರ ಜನವರಿಯಲ್ಲಿ ಆವಿನ್ಯೋನನ್ನು ಪ್ರವೇಶಿಸಿತು. ಅಲ್ಲಿ ಅದು ಏಳು ತಿಂಗಳು ನೆಲೆಸಿತು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಯೂರೋಪಿನ ಜನರಲ್ಲಿ ಮೂರರಲ್ಲೊಂದು ಭಾಗಕ್ಕೆ ಕಡಮೆಯಿಲ್ಲದಷ್ಟು ಮಂದಿ ತೀರಿಕೊಂಡರೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ.

ಆವಿನ್ಯೋನಿನಲ್ಲಿ ಸ್ಮಶಾನಗಳು ತುಂಬಿಹೋದವು. ಜಗದ್ಗುರುಗಳು ಹೊಸ ಭೂಮಿಯನ್ನು ಕೊಂಡು ಸ್ಮಶಾನಕ್ಕೆಂದು ಆಶೀರ್ವದಿಸಿದರು. ಅದೂ ಸಾಲದಾದಾಗ ರೋನ್ ನದಿಯನ್ನೇ ಪವಿತ್ರೀಕರಿಸಿ, ಶವಗಳನ್ನು ಅದಕ್ಕೆ ಒಪ್ಪಿಸಲು ಅನುಮತಿಯಿತ್ತರೆಂದು ಹೇಳಲಾಗಿದೆ. ಪಾಪನಿವೇದನೆ ಮಾಡಿ ಸಾಯುವವರಿಗೆ ಪೂರ್ಣ ಕ್ಷಮಾದಾನವನ್ನು ಘೋಷಿಸಿದರು. ಕವಿ ಪೆತ್ರಾರ್ಕನು ಜೀವಮಾನವೆಲ್ಲ ಹಾಡಿದ ಲಾರಾ ಎಂಬ ಮಹಿಳೆ ಅದೇ ಏಪ್ರಿಲ್ 6ರಂದು ಅದೇ ನಗರದಲ್ಲಿ ತೀರಿಕೊಂಡಳು. ಅವನ ಆಶ್ರಯದಾತರಾದ ಕಾರ್ಡಿನಲ್ ಕೊಲೊನ್ನಾ ಅವರೂ ಆ ಬೇಸಗೆಯಲ್ಲಿ ಹೋದರು. ರಾಜನೆಂದೂ ರೈತನೆಂದೂ ಆ ರೋಗ ಎಣಿಸಲಿಲ್ಲ.

ಈ ಸಂಕಟದ ನಡುವೆ ಗೀ ನೋಡಿದುದನ್ನು ಎಚ್ಚರಿಕೆಯಿಂದ ಗುರುತಿಟ್ಟುಕೊಂಡರು. ರೋಗವು ಎರಡು ಬಗೆಯಾಗಿ ಕಾಣಿಸಿಕೊಂಡಿತೆಂದು ಅವರು ಬರೆದಿದ್ದಾರೆ. ಮೊದಲ ಎರಡು ತಿಂಗಳು ಬಿಡದ ಜ್ವರ ಮತ್ತು ರಕ್ತ ಉಗುಳುವಿಕೆ. ಅದು ಬಂದವರು ಮೂರು ದಿನಗಳೊಳಗೆ ಸಾಯುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಜ್ವರದೊಡನೆ ಕಂಕುಳಲ್ಲಿಯೂ ತೊಡೆಸಂದಿನಲ್ಲಿಯೂ ಗಡ್ಡೆಗಳು. ಅವರು ಐದು ದಿನಗಳಲ್ಲಿ ಸಾಯುತ್ತಿದ್ದರು. ಇಂದಿನ ವೈದ್ಯಶಾಸ್ತ್ರವೂ ಇದೇ ಭೇದವನ್ನು ಒಪ್ಪುತ್ತದೆ. ಮೊದಲನೆಯದು ಶ್ವಾಸಕೋಶದ ಪ್ಲೇಗು, ಉಸಿರಿನಿಂದ ಹರಡುವಂಥದು. ಎರಡನೆಯದು ಗಡ್ಡೆಯ ಪ್ಲೇಗು, ಚಿಗಟದ ಕಡಿತದಿಂದ ಬರುವಂಥದು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಸಾಯುವವರ ಹಾಸಿಗೆಯ ಬಳಿ ನಿಂತು, ಬರಿಗಣ್ಣಿನಿಂದ ಇದನ್ನು ಬೇರ್ಪಡಿಸಿದ್ದು ಸಣ್ಣ ಕಾರ್ಯವಲ್ಲ. ಜಗದ್ಗುರುಗಳ ಅಪ್ಪಣೆಯಂತೆ ಕೆಲವು ಶವಗಳನ್ನು ಬಿಚ್ಚಿ ಪರೀಕ್ಷಿಸಿದಾಗ ಶ್ವಾಸಕೋಶಗಳು ಕೆಟ್ಟಿದ್ದುದು ಕಂಡಿತೆಂದು ಆ ಕಾಲದ ಒಂದು ಪತ್ರದಿಂದಲೂ ತಿಳಿಯುತ್ತದೆ.

ರೋಗವು ಒಬ್ಬರಿಂದೊಬ್ಬರಿಗೆ ಅಂಟುತ್ತದೆಂಬುದನ್ನೂ ಅವರು ಕಂಡುಕೊಂಡರು. ಜೊತೆಯಲ್ಲಿ ವಾಸಿಸುವುದಿರಲಿ, ನೋಡಿದರೇ ತಗಲುವಂತೆ ಜನ ಹೆದರಿದ್ದರು. ತಂದೆ ಮಗನ ಬಳಿಗೆ ಹೋಗಲಿಲ್ಲ, ಮಗ ತಂದೆಯನ್ನು ನೋಡಲು ಬರಲಿಲ್ಲ. ಜನರು ಸೇವಕರಿಲ್ಲದೆ ಸತ್ತರು, ಗುರುಗಳಿಲ್ಲದೆ ಮಣ್ಣಾದರು. ಪರಸ್ಪರ ಪ್ರೀತಿಯೆಂಬುದೇ ಸತ್ತುಹೋಗಿತ್ತೆಂದು ಅವರು ವ್ಯಥೆಪಟ್ಟಿದ್ದಾರೆ.

ವೈದ್ಯರ ಪಾಡೇನು? ಅನೇಕರು ಓಡಿಹೋದರು. ಬೇಗ ಹೊರಡು, ದೂರ ಹೋಗು, ತಡವಾಗಿ ಮರಳು ಎಂಬುದೇ ಅಂದಿನ ವೈದ್ಯಶಾಸ್ತ್ರ ತಿಳಿದಿದ್ದ ಅತ್ಯುತ್ತಮ ಔಷಧ. ವೈದ್ಯರು ತಮ್ಮ ಔಷಧವನ್ನು ತಾವೇ ಮೊದಲು ಸೇವಿಸಿದರು. ಉಳಿದವರನ್ನು ಹಿಡಿದಿಡಲು ನಗರಗಳು ಹೆಚ್ಚು ಸಂಬಳ ಕೊಡಬೇಕಾಯಿತು. ಇಟಲಿಯ ಓರ್ವಿಯೆತೊ ನಗರ 1348ರಲ್ಲಿ ಒಬ್ಬ ವೈದ್ಯನಿಗೆ ವರ್ಷಕ್ಕೆ 200 ಫ್ಲೋರಿನ್ ಕೊಡಲು ಒಪ್ಪಿತು. ಹಿಂದೆ ಅಂಥವರಿಗೆ ಸಲ್ಲುತ್ತಿದ್ದುದು ಸುಮಾರು 50. ಮುಂದಿನ ಶತಮಾನಗಳಲ್ಲಿ ಪ್ಲೇಗು ರೋಗಿಗಳನ್ನು ನೋಡಲೆಂದೇ ವೈದ್ಯರೊಡನೆ ಕರಾರು ಬರೆಸಿಕೊಳ್ಳುವ ಪದ್ಧತಿ ಇಟಲಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಬೇರೂರಿತು. ಮೊದಲು ಹೇಳಿದ ಕೊಕ್ಕಿನ ಮುಖವಾಡದವರು ಅಂಥವರ ಸಂತತಿ.

ಗೀ ಓಡಲಿಲ್ಲ. ಆದರೆ ಏಕೆ ಓಡಲಿಲ್ಲ? ಅವರ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ದೇವರ ಮೇಲಿನ ಭಕ್ತಿಯಿಂದ, ದೀನರ ಮೇಲಿನ ಕರುಣೆಯಿಂದ, ವೃತ್ತಿಯ ಮೇಲಿನ ನಿಷ್ಠೆಯಿಂದ ಎಂದು ಬರೆದುಕೊಳ್ಳುತ್ತಿದ್ದರು. ಹದಿನೈದು ವರ್ಷಗಳ ತರುವಾಯ, ತಮ್ಮನ್ನು ಪ್ರಶ್ನಿಸುವವರು ಯಾರೂ ಇಲ್ಲದಿದ್ದಾಗ, ಗೀ ಬರೆದುದೇ ಬೇರೆ. ಅಪಕೀರ್ತಿಗೆ ಅಂಜಿ ತಾನು ಊರು ಬಿಡಲಿಲ್ಲ. ನಿರಂತರವಾದ ಭಯದಲ್ಲಿಯೇ ಇದ್ದು, ಕೈಲಾದ ಮಟ್ಟಿಗೆ ತನ್ನನ್ನು ಕಾಪಾಡಿಕೊಂಡೆ ಎಂದು ಅವರು ಒಪ್ಪಿಕೊಂಡರು. ಆ ರೋಗದ ಮುಂದೆ ವೈದ್ಯರು ನಿರುಪಯುಕ್ತರೂ ನಾಚಿಕೆಗೀಡಾದವರೂ ಆದರೆಂಬುದನ್ನೂ ಮುಚ್ಚಿಡಲಿಲ್ಲ. ರೋಗಿಗಳನ್ನು ನೋಡಲು ಹೋದರೆ ಉಪಕಾರವೇನೂ ಆಗುತ್ತಿರಲಿಲ್ಲ, ಸಂಪಾದನೆಯೂ ಇರಲಿಲ್ಲ. ಬಂದವರಲ್ಲಿ ಬಹುತೇಕ ಎಲ್ಲರೂ ಸತ್ತರು. ಇದನ್ನು ನಾವು ಪಾಪನಿವೇದನೆಯೆಂದೇ ಕರೆಯಬಯಸುತ್ತೇವೆ. ದೊಡ್ಡ ಪದವಿಯಲ್ಲಿದ್ದ ಪಂಡಿತನೊಬ್ಬ ಶಿಷ್ಯರು ಓದಲಿರುವ ಗ್ರಂಥದಲ್ಲಿ ತನ್ನ ಭಯವನ್ನೂ ತನ್ನ ವಿದ್ಯೆಯ ಸೋಲನ್ನೂ ಹೀಗೆ ಬಯಲಿಗಿಡುವುದು ಅಪರೂಪ.

ಚಿಕಿತ್ಸೆಯಲ್ಲಿ ಗೀ ತಮ್ಮ ಕಾಲದವರೇ ಆಗಿದ್ದರು. ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ಥೀರಿಯಾಕ್ ಎಂಬ ಹಲವು ವಸ್ತುಗಳ ಲೇಹ್ಯವನ್ನು ಸೇವಿಸುವುದು, ಬೆಂಕಿಯಿಂದ ಗಾಳಿಯನ್ನು ಶುದ್ಧಿಗೊಳಿಸುವುದು ಇವೇ ಅವರ ಸಲಹೆಗಳು. 1345ರ ಮಾರ್ಚಿಯಲ್ಲಿ ಶನಿ, ಗುರು, ಕುಜ ಗ್ರಹಗಳು ಕುಂಭ ರಾಶಿಯಲ್ಲಿ ಕೂಡಿದುದೇ ರೋಗದ ಮೂಲವೆಂದು ಅವರೂ ನಂಬಿದ್ದರು. ಪ್ಯಾರಿಸಿನ ವೈದ್ಯ ಪಂಡಿತರದೂ ಅದೇ ಮತ. ಜಗದ್ಗುರು ಕ್ಲೆಮೆಂಟರನ್ನು ಕೋಣೆಯಲ್ಲಿ ಎರಡು ದೊಡ್ಡ ಬೆಂಕಿಗಳ ನಡುವೆ ಒಬ್ಬರೇ ಕುಳಿತಿರುವಂತೆ ಮಾಡಿ ಉಳಿಸಲಾಯಿತೆಂದು ಪ್ರಸಿದ್ಧಿಯಿದೆ. ಗಾಳಿ ಶುದ್ಧವಾಯಿತೆಂದು ಅವರು ತಿಳಿದರು. ಜನಸಂಪರ್ಕ ತಪ್ಪಿದುದೂ, ಆ ಕಾವಿಗೆ ಇಲಿ ಚಿಗಟಗಳು ಹತ್ತಿರ ಸುಳಿಯದಿದ್ದುದೂ ಕಾರಣವಿರಬಹುದೆಂದು ಇಂದು ನಾವು ಊಹಿಸಬಹುದು. ಕಾರಣವನ್ನು ತಪ್ಪಾಗಿ ತಿಳಿದರೂ ಉಪಾಯ ಫಲಿಸಿತು.

ಇನ್ನೊಂದು ವಿಷ ಆ ದಿನಗಳಲ್ಲಿ ಹರಡಿತು. ಅದು ಸುಳ್ಳಿನ ವಿಷ. ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದ್ದಾರೆಂದು ಊರೂರುಗಳಲ್ಲಿ ಗುಲ್ಲೆದ್ದಿತು. ಕೆಲವೆಡೆ ಅಂಗವಿಕಲರಾದ ಬಡವರ ಮೇಲೆಯೂ, ಕೆಲವೆಡೆ ಕುಲೀನರ ಮೇಲೆಯೂ ಸಂಶಯ ಹುಟ್ಟಿ, ಹಳ್ಳಿಪಟ್ಟಣಗಳ ಬಾಗಿಲಲ್ಲಿ ಕಾವಲು ನಿಂತು, ಪರಸ್ಥಳದವನ ಬಳಿ ಏನಾದರೂ ಪುಡಿಯೋ ಲೇಪವೋ ಕಂಡರೆ ಅದನ್ನು ಅವನಿಗೇ ನುಂಗಿಸುತ್ತಿದ್ದರೆಂದು ಗೀ ದಾಖಲಿಸಿದ್ದಾರೆ. ಜನರ ಈ ಮಾತುಗಳನ್ನು ಬದಿಗಿಟ್ಟು ಅವರು ರೋಗಕ್ಕೆ ನಿಸರ್ಗದಲ್ಲಿಯೇ ಕಾರಣ ಹುಡುಕಿದರು. ಅವರ ಒಡೆಯರಾದ ಆರನೆಯ ಕ್ಲೆಮೆಂಟರು 1348ರ ಜುಲೈಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಆಜ್ಞಾಪತ್ರಗಳನ್ನು ಹೊರಡಿಸಿ, ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲಿಯೂ ರೋಗವಿದೆ, ಆದುದರಿಂದ ಈ ಆರೋಪ ನಂಬತಕ್ಕದ್ದಲ್ಲವೆಂದು ವಿವರಿಸಿ, ಅವರಿಗೆ ಹಿಂಸೆ ಮಾಡಕೂಡದೆಂದು ವಿಧಿಸಿದರು. ದುಃಖದ ಸಂಗತಿಯೆಂದರೆ ಎಲ್ಲರೂ ಕಿವಿಗೊಡಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬೂರ್ಗ್ ನಗರದಲ್ಲಿ ನೂರಾರು ಯೆಹೂದ್ಯರನ್ನು ಸುಟ್ಟು ಕೊಂದವರು ದೀಕ್ಷಾಸ್ನಾನ ಪಡೆದ ಕ್ರೈಸ್ತರೇ. ಇದನ್ನು ನಾವು ತಲೆತಗ್ಗಿಸಿಯೇ ಹೇಳಬೇಕು.

ಆವಿನ್ಯೋನಿನಲ್ಲಿ ರೋಗ ಇಳಿಮುಖವಾಗುತ್ತಿದ್ದಾಗ, ಇನ್ನೇನು ಅಪಾಯ ಕಳೆಯಿತೆನ್ನುವಾಗ, ಗೀ ಅವರಿಗೇ ಜ್ವರ ಬಂದಿತು. ತೊಡೆಸಂದಿನಲ್ಲಿ ಗಡ್ಡೆ ಎದ್ದಿತು. ಸುಮಾರು ಆರು ವಾರ ಅವರು ಹಾಸಿಗೆ ಹಿಡಿದರು. ಜೊತೆಗಾರರೆಲ್ಲ ಅವರು ಸಾಯುವರೆಂದೇ ತಿಳಿದರು. ಅಂಜೂರವನ್ನೂ ಬೇಯಿಸಿದ ಈರುಳ್ಳಿಯನ್ನೂ ಅರೆದು, ಹುಳಿಹಿಟ್ಟು ಮತ್ತು ಬೆಣ್ಣೆಯೊಡನೆ ಕಲಸಿ ಗಡ್ಡೆಗೆ ಪಟ್ಟು ಹಾಕುವುದು ಅವರ ಕ್ರಮ. ಗಡ್ಡೆ ಹಣ್ಣಾಗಿ ಒಡೆದ ಮೇಲೆ ಅದನ್ನು ಹುಣ್ಣಿನಂತೆ ಉಪಚರಿಸುವುದು. ಗಡ್ಡೆ ಪಕ್ವವಾಯಿತು, ಅವರು ಬದುಕಿದರು. ತಾನು ಬದುಕಿದ್ದು ತನ್ನ ವಿದ್ಯೆಯಿಂದ ಎಂದು ಅವರು ಹೇಳಿಕೊಳ್ಳಲಿಲ್ಲ. ದೇವರ ಚಿತ್ತದಿಂದ ಎಂದಷ್ಟೇ ಬರೆದರು.

ಕ್ಲೆಮೆಂಟರು 1352ರಲ್ಲಿ ದೈವಾಧೀನರಾದರು. ಗೀ ಅವರ ತರುವಾಯ ಬಂದ ಆರನೆಯ ಇನ್ನೊಸೆಂಟರಿಗೂ, ಅನಂತರ ಐದನೆಯ ಅರ್ಬನರಿಗೂ ವೈದ್ಯರಾಗಿ ಮುಂದುವರಿದರು. 1360ರಲ್ಲಿ ಪ್ಲೇಗು ಪುನಃ ಬಂದಾಗಲೂ ಅವರು ಆವಿನ್ಯೋನಿನಲ್ಲಿಯೇ ಇದ್ದರು. ಮೊದಲ ಸಲ ಸಾಮಾನ್ಯ ಜನರು ಹೆಚ್ಚಾಗಿ ಸತ್ತರು, ಎರಡನೆಯ ಸಲ ಸಿರಿವಂತರೂ ಕುಲೀನರೂ ಎಣಿಕೆಯಿಲ್ಲದಷ್ಟು ಮಕ್ಕಳೂ ಸತ್ತರು ಎಂಬ ವ್ಯತ್ಯಾಸವನ್ನು ಅವರು ಗುರುತಿಸಿದ್ದಾರೆ. ಒಮ್ಮೆ ಸಾವಿನ ಬಾಯಿಂದ ಬಂದ ಅರುವತ್ತರ ಮುದುಕನಿಗೆ ಈ ಸಲ ಊರು ಬಿಟ್ಟಿದ್ದರೆ ಯಾರೂ ಅಪಕೀರ್ತಿ ಹೊರಿಸುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

1363ರಲ್ಲಿ, ತಮ್ಮ ವೃದ್ಧಾಪ್ಯದ ಸಮಾಧಾನಕ್ಕಾಗಿ ಎಂದು ಹೇಳಿಕೊಂಡು, ಅವರು ಲ್ಯಾಟಿನ್ ಭಾಷೆಯಲ್ಲಿ ಒಂದು ಮಹಾಗ್ರಂಥವನ್ನು ಪೂರ್ತಿಗೊಳಿಸಿದರು. ಶಸ್ತ್ರಚಿಕಿತ್ಸೆಯ ಮಹಾಗ್ರಂಥವೆಂದೇ ಅದು ಪ್ರಸಿದ್ಧವಾಯಿತು. ಶರೀರರಚನೆ, ಬಾವುಗಳು, ಗಾಯಗಳು, ಹುಣ್ಣುಗಳು, ಮೂಳೆಮುರಿತ ಮತ್ತು ಕೀಲು ತಪ್ಪುವಿಕೆ, ಇತರ ವ್ಯಾಧಿಗಳು, ಔಷಧಗಳು ಎಂದು ಅದರಲ್ಲಿ ಏಳು ಭಾಗಗಳು. ತೊಡೆಯ ಮೂಳೆ ಮುರಿದಾಗ ರಾಟೆಯ ಮೇಲೆ ಹಗ್ಗ ಹಾಯಿಸಿ, ತೂಕ ಕಟ್ಟಿ ಕಾಲನ್ನು ಎಳೆದಿಡುವ ಕ್ರಮ ಅದರಲ್ಲಿದೆ. ನಮ್ಮ ಆಸ್ಪತ್ರೆಗಳಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದವರನ್ನು ಕಂಡಿರುವವರಿಗೆ ಇದು ಹೊಸದೆನಿಸದು. ವೈದ್ಯನು ಹೇಗಿರಬೇಕೆಂಬುದನ್ನೂ ಅವರು ಹೇಳಿದ್ದಾರೆ. ಅವನು ಓದಿದವನೂ ಅನುಭವಸ್ಥನೂ ಚತುರನೂ ಆಗಿರಬೇಕು; ರೋಗಿಗಳಲ್ಲಿ ಸೌಮ್ಯನೂ, ಸಹೋದ್ಯೋಗಿಗಳಲ್ಲಿ ಸ್ನೇಹಪರನೂ, ಶುದ್ಧಚರಿತನೂ, ದಯಾಳುವೂ ಆಗಿರಬೇಕು; ಹಣಕ್ಕಾಗಿ ಹಿಂಡಬಾರದು, ರೋಗಿಯ ಶಕ್ತಿಯನ್ನು ನೋಡಿ ಪ್ರತಿಫಲ ಪಡೆಯಬೇಕು. ಈ ಗ್ರಂಥ ಯೂರೋಪಿನ ಹಲವು ಭಾಷೆಗಳಿಗೆ ಅನುವಾದಗೊಂಡು, 1478ರಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಗಿ, ಸುಮಾರು ಮುನ್ನೂರು ವರ್ಷ ಶಸ್ತ್ರವೈದ್ಯರ ಕೈಪಿಡಿಯಾಗಿತ್ತು. ಅದರಲ್ಲಿ ದೋಷಗಳಿಲ್ಲವೆಂದಲ್ಲ. ಗಾಯ ಕೀವಾಗುವುದು ಒಳ್ಳೆಯ ಲಕ್ಷಣವೆಂಬ ತಪ್ಪು ನಂಬಿಕೆಗೆ ಅವರ ಅಧಿಕಾರವಾಣಿ ಬೆಂಬಲವಾಯಿತೆಂದು ವಿಮರ್ಶಕರು ಹೇಳುತ್ತಾರೆ.

1368ರ ಜುಲೈಯಲ್ಲಿ ಗೀ ದ ಶೋಲಿಯಾಕ್ ಲಿಯೋನಿನ ಬಳಿ ಕೊನೆಯುಸಿರೆಳೆದರು.

ಅವರು ಕಾಣಲಾಗದೆ ಹೋದ ವೈರಿಯನ್ನು ಮನುಷ್ಯನು ಕಾಣಲು ಐದು ಶತಮಾನಗಳಿಗೂ ಮಿಕ್ಕಿ ಬೇಕಾಯಿತು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂದ್ರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದರು. 1897ರಲ್ಲಿ ಮುಂಬಯಿಯಲ್ಲಿ ಹಾಫ್‌ಕಿನ್ ಲಸಿಕೆಯನ್ನು ಸಿದ್ಧಪಡಿಸಿದರು. 1898ರಲ್ಲಿ ಕರಾಚಿಯಲ್ಲಿ ಪೌಲ್ ಲೂಯಿ ಸಿಮೋನ್ ಇಲಿಯ ಚಿಗಟವೇ ರೋಗವನ್ನು ಸಾಗಿಸುವುದೆಂದು ತೋರಿಸಿದರು. ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಜನರು ಮನೆಗಳಿಗೆ ಬೀಗ ಹಾಕಿ, ಊರಾಚೆಯ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕಥೆಯನ್ನು ನಮ್ಮಲ್ಲಿ ಹಿರಿಯರು ತಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದಾರೆ. 2011ರಲ್ಲಿ ಲಂಡನ್ನಿನ ಹಳೆಯ ಪ್ಲೇಗು ಸ್ಮಶಾನದ ಅಸ್ಥಿಗಳ ಹಲ್ಲಿನಿಂದ ಅದೇ ರೋಗಾಣುವಿನ ಗುರುತನ್ನು ವಿಜ್ಞಾನಿಗಳು ಹೊರತೆಗೆದರು. ಗೀ ಎದುರಿಸಿದ ಸಾವೂ ನಮ್ಮ ಅಜ್ಜಿಯರು ಕಂಡ ಸಾವೂ ಒಂದೇ ಬೀಜದ್ದು.

ಈ ಚರಿತ್ರೆಯನ್ನು ಬರೆಯಲು ನಮಗೆ ಇನ್ನೊಂದು ಕಾರಣವಿದೆ. ಅದನ್ನು ಹೇಳದೆ ಮುಗಿಸುವುದು ಸರಿಯಾಗದು. 2021ರ ಮೇ ತಿಂಗಳಲ್ಲಿ ಕೊರೋನಾ ತಗಲಿದ್ದ ಒಬ್ಬ ವೃದ್ಧರಿಗೆ ಅಭ್ಯಂಗ ಸಂಸ್ಕಾರ ನೀಡಬೇಕೆಂದು ಕರೆ ಬಂದಿತು. ಪವಿತ್ರ ತೈಲವನ್ನು ಹಿಡಿದು ಆ ಮನೆಯ ಹೊಸ್ತಿಲವರೆಗೆ ಹೋದ ನಾವು ಅಲ್ಲಿ ಬಹಳ ಹೊತ್ತು ನಿಂತೆವು. ಕಾಲು ಮುಂದೆ ಬರಲಿಲ್ಲ. ಕೊನೆಗೆ ಒಳಗೆ ಹೋದೆವು, ಸಂಸ್ಕಾರ ನೀಡಿದೆವು. ಮರುದಿನದಿಂದ ಜನರು ನಮ್ಮ ಧೈರ್ಯವನ್ನು ಹೊಗಳಿದರು. ಆದರೆ ಹೊಸ್ತಿಲಲ್ಲಿ ನಮ್ಮನ್ನು ಒಳಗೆ ನೂಕಿದ್ದು ಧೈರ್ಯವಲ್ಲ. ಹಿಂದಿರುಗಿ ಹೋದರೆ ಮುಂದಿನ ಭಾನುವಾರ ಬಲಿಪೀಠದ ಬಳಿ ನಿಂತು ಈ ಜನರ ಮುಖವನ್ನು ಹೇಗೆ ನೋಡಲಿ ಎಂಬ ಅಂಜಿಕೆ ಅದು. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಗೀ ಅವರ ಬರಹವನ್ನು ಓದಿದ ಮೇಲೆ ಹೇಳುವ ಮನಸ್ಸಾಯಿತು.

ಶುಭಸಂದೇಶದಲ್ಲಿ ತಂದೆಯೊಬ್ಬನಿಗೆ ಇಬ್ಬರು ಮಕ್ಕಳಿದ್ದ ಸಾಮತಿಯನ್ನು ನೀವೆಲ್ಲರೂ ಬಲ್ಲಿರಿ. ಹೋಗುತ್ತೇನೆಂದವನು ದ್ರಾಕ್ಷಿತೋಟಕ್ಕೆ ಹೋಗಲಿಲ್ಲ, ಹೋಗುವುದಿಲ್ಲವೆಂದವನು ಹೋದನು. ತಂದೆಯ ಚಿತ್ತವನ್ನು ನೆರವೇರಿಸಿದವನು ಎರಡನೆಯವನೇ. ಗೆತ್ಸೆಮನೆಯ ತೋಪಿನಲ್ಲಿ ನಮ್ಮ ಪ್ರಭುವೂ ತಲ್ಲಣಗೊಂಡರು. ಆದರೆ ಆ ತೋಪನ್ನು ಬಿಟ್ಟು ಹೋಗಲಿಲ್ಲ. ಭಯಪಡದ ಹೃದಯವನ್ನು ದೇವರು ಎಲ್ಲರಿಗೂ ಕೊಟ್ಟಿಲ್ಲ. ಇರಬೇಕಾದೆಡೆಯಲ್ಲಿ ಇರುವುದನ್ನು ಮಾತ್ರ ಎಲ್ಲರಿಂದಲೂ ಕೇಳುತ್ತಾರೆ.

ನೂರು ವರ್ಷ ಈ ದೇವಾಲಯ ನಿಂತಿರುವುದು ಕಲ್ಲುಗಾರೆಗಳಿಂದ ಮಾತ್ರವಲ್ಲ. ಬರಗಾಲದಲ್ಲಿ, ರೋಗರುಜಿನಗಳಲ್ಲಿ, ಹೋಗಬಹುದಾಗಿದ್ದರೂ ಹೋಗದೆ ಉಳಿದ ಗುರುಗಳು, ಕನ್ಯಾಸ್ತ್ರೀಯರು, ತಾಯಂದಿರು, ನೆರೆಮನೆಯವರು ಇಲ್ಲಿದ್ದರು. ಅವರಲ್ಲಿ ಅನೇಕರು ಒಳಗೊಳಗೇ ನಡುಗಿರಬೇಕು. ಅವರ ಹೆಸರುಗಳನ್ನು ಯಾವ ಗ್ರಂಥವೂ ಉಳಿಸಿಲ್ಲ. ಈ ಉತ್ಸವದ ದಿವ್ಯ ಬಲಿಪೂಜೆಯಲ್ಲಿ ಅವರನ್ನೂ, ಆವಿನ್ಯೋನಿನ ಆ ಅಂಜುಬುರುಕನಾದ ಒಳ್ಳೆಯ ವೈದ್ಯನನ್ನೂ ಒಟ್ಟಿಗೆ ಸ್ಮರಿಸೋಣ.